ಬ್ಯಾಡಗಿಯಿಂದ ಕಳಿಸೋ ಮೆಣಸಿನಕಾಯಿ ದರಪಟ್ಟಿ ಸ್ಪ್ಯಾಮ್‌ಗೆ ಬೀಳೋದಕ್ಕ ಪರಿಹಾರ

ಹೋಸ್ಟಿಂಗ್‌ನವರ ಮೇಲ್ ಬಿಟ್ಟು ಗೂಗಲ್ ವರ್ಕ್‌ಸ್ಪೇಸ್‌ಗೆ ಬಂದ ಮ್ಯಾಲೆ ನಿಮ್ಮ ದರಪಟ್ಟಿ ಸ್ಪ್ಯಾಮ್‌ಗೆ ಬೀಳಾಕತ್ತದ ಅಂದ್ರ, ಬಹುತೇಕ ನಿಮ್ಮ ಡೊಮೇನ್‌ನ್ಯಾಗ (ಮೇಲ್ ವಿಳಾಸದಾಗ @ ಆದಮ್ಯಾಲಿನ ಹೆಸರು) ಎರಡು ಎಸ್‌ಪಿಎಫ್ ರೆಕಾರ್ಡ್ ಉಳದಾವ. ನಿಮ್ಮ ಹೆಸರಿನ್ಯಾಗ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳೋ ಸಾಲು ಅದು. ಎರಡಿದ್ರ ಒಂದೂ ನಡೆಯಂಗಿಲ್ಲ.

ಮೊದಲ ನಿಮ್ಮದ ಇನ್ನೊಂದು ಜೀಮೇಲ್‌ಗೆ ಮೇಲ್ ಕಳಿಸ್ರಿ. ಕಂಪ್ಯೂಟರ್‌ನ್ಯಾಗ ಅದನ್ನ ತಗದು, ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡ್ರಿ. ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಮ್ಮದ ಅನ್ನೋ ಡಿಜಿಟಲ್ ಸಹಿ), ಡಿಮಾರ್ಕ್ (ತಪಾಸಣೆ ಫೇಲ್ ಆದ ಮೇಲ್‌ಗೆ ಏನು ಮಾಡಬೇಕು ಅನ್ನೋ ಸೂಚನೆ) ಮೂರರ ಮುಂದೂ ‘ಪಾಸ್’ ಇರಬೇಕು.

ಎಸ್‌ಪಿಎಫ್ ಫೇಲ್ ಇದ್ರ ಡೊಮೇನ್ ತಗೊಂಡಲ್ಲಿ ಲಾಗಿನ್ ಆಗಿ, ಡಿಎನ್‌ಎಸ್‌ನ್ಯಾಗಿನ (ಡೊಮೇನ್‌ನ ರೆಕಾರ್ಡ್ ಪಟ್ಟಿ) ಹಳೇ ಎಸ್‌ಪಿಎಫ್ ಸಾಲು ತಗದು ಗೂಗಲ್‌ದ್ದಷ್ಟ ಇಡ್ರಿ. ವೆಬ್‌ಸೈಟ್ ಫಾರ್ಮ್‌ನಿಂದಲೂ ಮೇಲ್ ಹೋಗತಿದ್ರ ಆ ಸರ್ವರನ್ನ ಅದ ಸಾಲಿನೊಳಗ ಸೇರಿಸ್ರಿ, ಬ್ಯಾರೆ ಸಾಲು ಬ್ಯಾಡ.

ಡಿಕೆಐಎಂ ಕೀ ಗೂಗಲ್ ಅಡ್ಮಿನ್ ಕನ್ಸೋಲ್‌ನ ಜೀಮೇಲ್ ಸೆಟ್ಟಿಂಗ್‌ನ್ಯಾಗ ‘ಆಥೆಂಟಿಕೇಟ್ ಇಮೇಲ್’ ಒಳಗ ಅದ. 2048 ಬಿಟ್ ಆರಿಸ್ರಿ. ಡಿಎನ್‌ಎಸ್‌ಗೆ ಹಾಕಿ ವಾಪಸ್ ಬಂದು ‘ಸ್ಟಾರ್ಟ್ ಆಥೆಂಟಿಕೇಶನ್’ ಒತ್ತಬೇಕು. ಭಾಳ ಮಂದಿ ಮರಿಯೋದು ಇದನ್ನ. ಚಾಲೂ ಆಗಾಕ 48 ತಾಸು ಹಿಡೀಬಹುದು. ಡಿಮಾರ್ಕ್ ರೆಕಾರ್ಡ್‌ನ್ಯಾಗ ಸದ್ಯಕ್ಕ ‘p=none’ (ಫೇಲ್ ಆದ್ರೂ ತಡೀಬ್ಯಾಡ ಅಂತ) ಸಾಕು.

ಮೂರೂ ಪಾಸ್ ಆಗಿ ಮತ್ತೂ ಬಿದ್ರ, ಕಳಿಸೋ ರೀತಿ ಬದಲಿಸ್ರಿ: ನೂರಾರು ವ್ಯಾಪಾರಿಗಳನ್ನ ಒಂದ ಬಿಸಿಸಿಗೆ ತುರುಕಬ್ಯಾಡ್ರಿ. ಖಾಯಂ ಗಿರಾಕಿಗಳಿಗೆ ಫೋನ್ ಹಚ್ಚಿ ‘ನಾಟ್ ಸ್ಪ್ಯಾಮ್’ ಒತ್ತಾಕ ಹೇಳ್ರಿ.