ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮಾಂಸದ ರೇಷನ್ನನ್ನು ತೂಕದ ಬದಲು ದುಡ್ಡಿನ ಲೆಕ್ಕದಲ್ಲಿ ಕೊಟ್ಟಿದ್ದು ಯಾಕೆ?

ಮಾಂಸ ಸಕ್ಕರೆ ಥರ ಅಲ್ವಲ್ಲ, ಅದಕ್ಕೇ. ಸಕ್ಕರೆ ಯಾವ ಮೂಟೆಯಿಂದ ತೆಗೆದರೂ ಒಂದೇ. ಆದರೆ ಕುರಿಯಲ್ಲಿ ತೊಡೆಯೂ ಇರುತ್ತದೆ, ಕುತ್ತಿಗೆಯೂ ಇರುತ್ತದೆ. ತೂಕದ ಲೆಕ್ಕ ಇಟ್ಟಿದ್ದರೆ ಎಲ್ಲರೂ ತೊಡೆಯನ್ನೇ ಕೇಳುತ್ತಿದ್ದರು, ಮೂಳೆ ಜಾಸ್ತಿ ಇರುವ ತುಂಡು ಯಾರಿಗೆ ಬೇಕು? ಹಾಗಾಗಿ ಆಹಾರ ಸಚಿವಾಲಯ ಬೇರೆ ಬೇರೆ ತುಂಡುಗಳಿಗೆ ಗರಿಷ್ಠ ಚಿಲ್ಲರೆ ಬೆಲೆ ಕಟ್ಟಿತು. 1940ರ ಮಾರ್ಚ್‌ನಿಂದ ದೊಡ್ಡವರಿಗೆ ತಲಾ ವಾರಕ್ಕೆ 1 ಶಿಲ್ಲಿಂಗ್ 10 ಪೆನ್ಸ್‌ನಷ್ಟು ಮಾಂಸ. ಅಗ್ಗದ ತುಂಡು ತಗೊಂಡರೆ ಪಾತ್ರೆ ತುಂಬುತ್ತಿತ್ತು, ಒಳ್ಳೇದೇ ಬೇಕು ಅಂದರೆ ಸಣ್ಣ ಚೂರು.

ಸುಮ್ನೆ ಬೆಲೆಪಟ್ಟಿ ಅಂಟಿಸಿದ್ದರೆ ಇದು ನಡೆಯುತ್ತಿರಲಿಲ್ಲ. ಮಾಂಸಕ್ಕೆ ಕೊಬ್ಬಿಸಿದ ದನ, ಕುರಿಗಳನ್ನು ರೈತರಿಂದ ಸರ್ಕಾರವೇ ಕೊಳ್ಳುತ್ತಿತ್ತು, ಅಂಗಡಿಗೆ ಎಷ್ಟು ಹೋಗಬೇಕು ಅನ್ನೋದೂ ಅದರ ಕೈಯಲ್ಲೇ ಇತ್ತು. ಈ ರೇಷನ್ ಮುಗಿದಿದ್ದು 1954ರ ಜುಲೈನಲ್ಲಿ, ಯುದ್ಧ ನಿಂತು ಒಂಬತ್ತು ವರ್ಷ ಆದ ಮೇಲೆ!

ಅಮೆರಿಕದಲ್ಲಿ ನೋಡಿ, ಮಾಂಸದ ರೇಷನ್ 1945ರಲ್ಲೇ ಹೋಯಿತು. 1946ರ ಬೇಸಿಗೆಯಲ್ಲಿ ಬೆಲೆ ನಿಯಂತ್ರಣವೂ ತಪ್ಪಿ ದರ ಏರಿತು, ಮತ್ತೆ ಮಿತಿ ಹಾಕಿದಾಗ ಸಾಕುವವರು ದನಗಳನ್ನು ಮಾರದೆ ತಡೆಹಿಡಿದರು. ಅಂಗಡಿಗಳು ಖಾಲಿ. ಚುನಾವಣೆ ಬೇರೆ ಹತ್ತಿರವಿತ್ತು, ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಆ ಮಿತಿಯನ್ನೇ ತೆಗೆದುಹಾಕಿದರು.