2⁸⁹−1 ಅವಿಭಾಜ್ಯವೇ ಎಂದು ಭಾಗಿಸಿ ನೋಡುವ ನನ್ನ ಪ್ರೋಗ್ರಾಂ ಮುಗಿಯುತ್ತಲೇ ಇಲ್ಲ. ಹೊಸ ಕಂಪ್ಯೂಟರ್ ಕೊಳ್ಳಬೇಕೇ?

ಬೇಡ. ಕಂಪ್ಯೂಟರ್ ಇರಲಿ, ಪರೀಕ್ಷೆ ಬದಲಿಸಿ. ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ನಾನೂ ಹೀಗೇ ಭಾಗಿಸುತ್ತಾ ಕೂತಿದ್ದವನು. ನಿಮ್ಮ ಸಂಖ್ಯೆಗೆ 27 ಅಂಕಿ. ಅದರ ವರ್ಗಮೂಲವೇ ಸುಮಾರು 25 ಲಕ್ಷ ಕೋಟಿ. ಅಪವರ್ತನ ಏನಾದರೂ ಇದ್ದರೆ ಅದು 178ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ 1 ಕೂಡಿಸಿದ ರೂಪದಲ್ಲೇ ಇರಬೇಕು ಎಂಬ ನಿಯಮ ಹಚ್ಚಿದರೂ ಸುಮಾರು 14 ಸಾವಿರ ಕೋಟಿ ಸಂಖ್ಯೆಗಳು ಉಳಿಯುತ್ತವೆ.

ನಮ್ಮ ಗೈಡ್ ನನಗೆ ತೋರಿಸಿದ್ದು ಲ್ಯೂಕಾಸ್–ಲೆಹ್ಮರ್ ಪರೀಕ್ಷೆ, 2ರ ಘಾತದಿಂದ 1 ಕಳೆದ ಇಂಥ ಸಂಖ್ಯೆಗಳಿಗೆಂದೇ ಇರುವುದು. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ, ನಿಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ, ಮತ್ತೆ ಅದನ್ನೇ ಮಾಡಿ. 2⁷−1, ಅಂದರೆ 127ಕ್ಕೆ: 4, 14, 67, 42, 111, 0. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಹೆಜ್ಜೆಗಳು ಘಾತಕ್ಕಿಂತ ಎರಡು ಕಡಿಮೆ: ಘಾತ 7 ಆದರೆ 5 ಹೆಜ್ಜೆ. ನಿಮ್ಮ 89ಕ್ಕೆ 87 ಹೆಜ್ಜೆ, ಅಷ್ಟೇ.

ಇದನ್ನು ನಾನು ಸಿ ಭಾಷೆಯಲ್ಲಿ, 64 ಬಿಟ್‌ನ (64 ದ್ವಿಮಾನ ಅಂಕಿಗಳಷ್ಟೇ ಹಿಡಿಸುವ) ಪೂರ್ಣಾಂಕ ಇಟ್ಟುಕೊಂಡು ಬರೆದೆ. ಕೆಟ್ಟದ್ದು ಅಲ್ಲೇ. ಘಾತ 31ರವರೆಗೆ ವರ್ಗ 62 ಬಿಟ್ ದಾಟುವುದಿಲ್ಲ, ಹಾಗಾಗಿ 3, 5, 7, 13, 17, 19, 31 ಎಲ್ಲಕ್ಕೂ ಸರಿಯಾಗಿ ಸೊನ್ನೆ ಬಂತು. ಅಲ್ಲಿಂದ ಮುಂದೆ ವರ್ಗದ ಮೇಲಿನ ಬಿಟ್‌ಗಳು ಸದ್ದಿಲ್ಲದೆ ಕತ್ತರಿಸಿ ಹೋಗುತ್ತವೆ. ಎರರ್ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. ಘಾತ 37, 41, 43, 47, 53, 59 ಎಲ್ಲಕ್ಕೂ ‘ಅವಿಭಾಜ್ಯವಲ್ಲ’ ಎಂದಿತು. ಆ ಘಾತಗಳ ಸಂಖ್ಯೆಗಳು ನಿಜವಾಗಿಯೂ ಅಲ್ಲ! ತಪ್ಪು ಲೆಕ್ಕ ಸರಿ ಉತ್ತರ ಕೊಡುತ್ತಿತ್ತು, ನಾನು ನಂಬಿದೆ. 61ಕ್ಕೂ ‘ಅಲ್ಲ’ ಎಂದಿತು. ಇಂಥ ಅವಿಭಾಜ್ಯ ಕೊಡುವ ಘಾತಗಳೆಂದು 1644ರಲ್ಲಿ ಫ್ರಾನ್ಸಿನ ಮರ್ಸೆನ್ ಕೊಟ್ಟ ಪಟ್ಟಿ ತೆಗೆದು ನೋಡಿದರೆ ಅದರಲ್ಲೂ 61 ಇಲ್ಲ. ಇನ್ನೇನು ಬೇಕು ಎಂದು ವರದಿ ಬರೆದುಬಿಟ್ಟೆ. ಪಟ್ಟಿಯೇ ತಪ್ಪು: 2⁶¹−1 ಅವಿಭಾಜ್ಯವೆಂದು ಪೆರ್ವುಶಿನ್ 1883ರಲ್ಲೇ ಸಾಧಿಸಿದ್ದರು, ನಿಮ್ಮ 89ನ್ನು ಪವರ್ಸ್ 1911ರಲ್ಲಿ. ವರದಿ ವಾಪಸ್ ಬಂತು, ಒಂದು ಸೆಮಿಸ್ಟರ್ ಹೋಯಿತು. ನಾನು ಸೊನ್ನೆ ಬರುವ ಸಣ್ಣ ಘಾತಗಳಲ್ಲಷ್ಟೇ ಪರೀಕ್ಷಿಸಿದ್ದೆ. 64 ಬಿಟ್ ಮೀರುವ ಕಡೆ, ಉತ್ತರ ಮೊದಲೇ ಖಚಿತವಾಗಿ ಗೊತ್ತಿರುವ ಒಂದು ಅವಿಭಾಜ್ಯವನ್ನೂ ಕೊಟ್ಟು ನೋಡಿರಲಿಲ್ಲ.

ಆದ್ದರಿಂದ ಸಿ, ಹೊಸ ಕಂಪ್ಯೂಟರ್ ಎಲ್ಲ ಪಕ್ಕಕ್ಕಿಡಿ. ಪೈಥಾನ್‌ನಲ್ಲಿ ಬರೆಯಿರಿ, ಅಲ್ಲಿ ಪೂರ್ಣಾಂಕ ಎಷ್ಟು ದೊಡ್ಡದಾದರೂ ಕತ್ತರಿಸುವುದಿಲ್ಲ. ಈಗಿರುವ ಹಳೇ ಲ್ಯಾಪ್‌ಟಾಪಿನಲ್ಲೇ 89ಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆ ಬರುತ್ತದೆ. ಮೊದಲು 61 ಕೊಟ್ಟು ನೋಡಿ, ಸೊನ್ನೆ ಬರಲೇಬೇಕು. ಆಮೇಲೆ 67 ಕೊಡಿ, ಬರಕೂಡದು: ಮರ್ಸೆನ್ ಪಟ್ಟಿಯಲ್ಲಿದ್ದರೂ 2⁶⁷−1 ಎಂದರೆ 193707721 × 761838257287 ಎಂದು 1903ರಲ್ಲಿ ಫ್ರಾಂಕ್ ಕೋಲ್ ತೋರಿಸಿದರು. ಈ ಪರೀಕ್ಷೆ ‘ಅವಿಭಾಜ್ಯವಲ್ಲ’ ಎಂದಷ್ಟೇ ಹೇಳುತ್ತದೆ, ಅಂಥ ಅಪವರ್ತನಗಳನ್ನು ಕೊಡುವುದಿಲ್ಲ. ನಿಮ್ಮ ಪ್ರಾಜೆಕ್ಟಿಗೆ ಅವೂ ಬೇಕಿದ್ದರೆ ಅದನ್ನು ಬೇರೆ ಪ್ರಶ್ನೆಯಾಗಿ ಕೇಳಿ, ಅದರ ದಾರಿಯೇ ಬೇರೆ.