ದುಬೈ: ಪಕ್ಕದ ಫ್ಲ್ಯಾಟಿನ ಮಗುವಿಗೆ ಹೊಡೆತ, ವಿದೇಶೀಯರು ದೂರು ಕೊಡಬಹುದೇ?

ಪಕ್ಕದ ಫ್ಲ್ಯಾಟಿನ ಭಾರತೀಯ ಮಗುವಿಗೆ ರಾತ್ರಿಹೊತ್ತು ಹೊಡೆತ ಬೀಳುತ್ತಿದ್ದರೂ ನೀವು ದೂರು ಕೊಡಲು ಹಿಂಜರಿಯುತ್ತಿದ್ದರೆ, ಅದಕ್ಕೆ ಅಲ್ಲಿನ ಕಾನೂನು ಎಮಿರಾಟಿ (ಯುಎಇ ಪ್ರಜೆಗಳ) ಮಕ್ಕಳಿಗಷ್ಟೇ ಎಂಬ ತಪ್ಪು ತಿಳಿವಳಿಕೆಯೇ ಕಾರಣವಿರಬೇಕು. ತಂದೆಯ ಕ್ರೌರ್ಯಕ್ಕೆ ಬಲಿಯಾದ ಬಾಲಕಿ ವದೀಮಾಳ ಹೆಸರಿನಿಂದ ಪ್ರಸಿದ್ಧವಾದ 2016ರ ಮಕ್ಕಳ ಹಕ್ಕುಗಳ ಕಾನೂನು ಯಾವ ದೇಶದ ಮಗುವೆಂಬ ಭೇದವೆಣಿಸುವುದಿಲ್ಲ. ದೂರುದಾರರ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತೆಯೂ ಇಲ್ಲ.

ಮೊದಲಿಗೆ, ನಿಮಗೆ ಕೇಳಿಸಿದ ಕೂಗು, ಮಗುವಿನ ಕೈಮೇಲೆ ಕಂಡ ಬಾಸುಂಡೆ, ದಿನಾಂಕ, ವೇಳೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಖಾಸಗಿತನದ ಕಾನೂನು ಅಲ್ಲಿ ಬಹಳ ಕಠಿಣವಾಗಿರುವುದರಿಂದ ವಿಡಿಯೊ ತೆಗೆಯಬೇಡಿ. ಬಳಿಕ ಯುಎಇ ಗೃಹ ಸಚಿವಾಲಯದ ಮಕ್ಕಳ ರಕ್ಷಣಾ ಕೇಂದ್ರದ 116111 ಸಂಖ್ಯೆಗೆ ಕರೆ ಮಾಡಿ. ನಾನು ಕರೆ ಮಾಡಿದಾಗ ಅವರು ಮೊದಲು ಕೇಳಿದ್ದು ಕಟ್ಟಡದ ಹೆಸರು ಮತ್ತು ಫ್ಲ್ಯಾಟಿನ ಸಂಖ್ಯೆ. ಅದು ಹೊಡೆತವೇ ಎಂದು ಗೋಡೆಯಾಚೆಯಿಂದ ಖಚಿತವಾಗಿ ಹೇಳಲಾಗದು, ಆದರೆ ಅದನ್ನು ತೀರ್ಮಾನಿಸುವುದು ಅವರ ಕೆಲಸ. ಮಗುವಿನ ಜೀವಕ್ಕೆ ಅಪಾಯವೆನಿಸಿದ ಕ್ಷಣವೇ, ಏನನ್ನೂ ಬರೆಯುತ್ತ ಕೂರದೆ, ಪೊಲೀಸರಿಗೆ 999ಕ್ಕೆ ಕರೆ ಮಾಡಿ.